ಚಪ್ಪಲಿ ಫ್ರೇಮಿನಾಚೆ ಇತ್ತು: ಶಿವಮೊಗ್ಗದ ಬೀದಿಯನ್ನು ಕಪ್ಪು-ಬಿಳುಪಲ್ಲಿ ನೋಡೋದು

ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವ ಗೆಳೆಯನಿಗೆ ಒಮ್ಮೆ ನನ್ನದೊಂದು ಫೋಟೋ ತೋರಿಸಿದೆ. ಗೋಣಿತಾಟಿನ ಮೇಲೆ ಹರಡಿದ ಅಡಿಕೆ, ಅದರೊಳಗೆ ಇಳಿದಿರುವ ಒಂದು ಕೈ. ಕಪ್ಪು-ಬಿಳುಪು. ನನಗೆ ಅದರ ಮೇಲೆ ಸ್ವಲ್ಪ ಹೆಮ್ಮೆಯೂ ಇತ್ತು ಅನ್ನಿ. ಅವನು ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. ಕೊನೆಗೆ, 'ಚೆನ್ನಾಗಿದೆ ಮಾರಾಯ. ಆದ್ರೆ ಇದಕ್ಕೆ ರೇಟ್ ಹಾಕೋಕಾಗಲ್ಲ' ಅಂದ.

ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಮ್ಮ ಮಾರುಕಟ್ಟೆಯಲ್ಲಿ ಅಡಿಕೆಗೆ ಬೇರೆ ಬೇರೆ ದರ. ಕಾಯಿ ಎಷ್ಟು ಬಲಿತಿದೆ, ಹೇಗೆ ಹೆಚ್ಚಿದ್ದಾರೆ ಅನ್ನೋದರ ಜೊತೆಗೆ ಚೊಗರಿನ, ಅಂದ್ರೆ ಅಡಿಕೆ ಬೇಯಿಸಿದ ರಸದ, ಕೆಂಪು ಬಣ್ಣ ಎಷ್ಟು ಚೆನ್ನಾಗಿ ಹಿಡಿದಿದೆ ಅನ್ನೋದನ್ನೂ ನೋಡ್ತಾರೆ. ನನ್ನ ಫೋಟೋದಲ್ಲಿ ಆ ಕೆಂಪೇ ಇರಲಿಲ್ಲ. ಅಡಿಕೆ ಇತ್ತು, ದರ ಹೋಗಿತ್ತು. ಉಳಿದಿದ್ದು ಕೈ ಮಾತ್ರ. ಅದರ ಗಂಟು, ಉಗುರಿನ ಕಪ್ಪು, ಬೆರಳಿನ ಸಂದಿಯ ಗೆರೆ.

ಕಪ್ಪು-ಬಿಳುಪು ಮಾಡುವ ಕೆಲಸ ಇಷ್ಟೇ. ಒಂದು ಸುದ್ದಿಯನ್ನು ಅಳಿಸಿ, ಇನ್ನೊಂದರ ಮೇಲೆ ಕಣ್ಣು ನಿಲ್ಲೋ ಹಾಗೆ ಮಾಡುತ್ತೆ. ಅಳಿಸೋದು ಯಾವುದು, ಉಳಿಸೋದು ಯಾವುದು ಅನ್ನೋದನ್ನು ಯಾರು ತೀರ್ಮಾನ ಮಾಡ್ತಾರೆ? ಬಹಳ ಜನ 'ಕ್ಯಾಮೆರಾ' ಅಂತಾರೆ. ಅದು ಅರ್ಧ ನಿಜ.

ಗಾಂಧಿ ಬಜಾರಿನ ಹೂವಿನ ಸಾಲಿಗೆ ಬನ್ನಿ. ಬಾಳೆ ಎಲೆಯ ಮೇಲೆ ಕನಕಾಂಬರದ ದಂಡೆ ಸುತ್ತಿಟ್ಟಿದ್ದಾರೆ. ಹಸಿರಿನ ಮೇಲೆ ಕಿತ್ತಳೆ, ಎಂಥ ದೂರದಿಂದಲೂ ಎದ್ದು ಕಾಣುತ್ತೆ. ಮೊಬೈಲಿನಲ್ಲಿ ಫೋಟೋ ತೆಗೆದು 'ಮೋನೋ', ಅಂದ್ರೆ ಕಪ್ಪು-ಬಿಳುಪು, ಒತ್ತಿ ನೋಡಿ. ಹೂವೂ ಇಲ್ಲ, ಎಲೆಯೂ ಇಲ್ಲ. ಎರಡೂ ಸೇರಿ ಒಂದೇ ಬೂದು ಮುದ್ದೆ.

ಯಾಕೆ ಹೀಗೆ? ಡಿಜಿಟಲ್ ಚಿತ್ರದ ಒಂದೊಂದು ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಇರುತ್ತೆ. ಒಂದೊಂದೂ 0ಯಿಂದ 255ರ ತನಕ. ಬಣ್ಣ ತೆಗೆಯೋದು ಅಂದ್ರೆ ಈ ಮೂರು ಅಂಕಿಯನ್ನು ಒಂದು ಮಾಡೋದು. ಮೂರನ್ನೂ ಸಮನಾಗಿ ಕೂಡಿಸಿದರೆ ಸರಿಹೋಗಲ್ಲ, ಯಾಕಂದ್ರೆ ನಮ್ಮ ಕಣ್ಣಿಗೆ ಹಸಿರು ಜಾಸ್ತಿ ಬೆಳಕಾಗಿ ಕಾಣುತ್ತೆ, ನೀಲಿ ತೀರಾ ಕಡಿಮೆ. ಅದಕ್ಕೇ ಹಳೆಯ ಟಿ.ವಿ. ಕಾಲದಿಂದ ಬಂದ ಒಂದು ಲೆಕ್ಕ ಇದೆ: ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ಪಾಲು. ಕನಕಾಂಬರದ ಕಿತ್ತಳೆಯನ್ನು ಅಂದಾಜಿಗೆ 240, 110, 40 ಅಂತ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ 141 ಬರುತ್ತೆ. ಬಾಳೆ ಎಲೆಗೆ 90, 170, 60 ಇಟ್ಟರೆ ಬರೋದು 134. 255ರಲ್ಲಿ ಬರೀ ಏಳರ ವ್ಯತ್ಯಾಸ. ಕಣ್ಣಿಗೆ ಎದ್ದು ಕಾಣಲ್ಲ.

ಈಗ ಇದೇ ಫೋಟೋದ ಕೆಂಪು ಅಂಕಿಯನ್ನಷ್ಟೇ ತಗೊಳ್ಳಿ. ಹೂವು 240, ಎಲೆ 90. ಕತ್ತಲೆ ಎಲೆಯ ಮೇಲೆ ಮಲ್ಲಿಗೆಯ ಹಾಗೆ ಬೆಳ್ಳಗಿನ ಕನಕಾಂಬರ! ಹಸಿರನ್ನಷ್ಟೇ ತಗೊಂಡರೆ ಹೂವು 110, ಎಲೆ 170. ಈ ಸಲ ಎಲೆ ಬೆಳಗುತ್ತೆ, ಹೂವು ಕಪ್ಪಾಗುತ್ತೆ. ಹಿಂದೆ ಫಿಲಂ ಕಾಲದವರು ಲೆನ್ಸಿನ ಮುಂದೆ ಕೆಂಪು, ಹಳದಿ, ಹಸಿರು ಗಾಜು ಹಾಕುತ್ತಿದ್ದದ್ದು ಇದಕ್ಕೇ. ಈಗ ಅದೇ ಕೆಲಸ ಎಡಿಟಿಂಗ್ ಆಪ್‌ನಲ್ಲಿ ಬೆರಳಲ್ಲಿ ಎಳೆಯುವ ಪಟ್ಟಿಯಾಗಿದೆ. 'ಕ್ಯಾಮೆರಾ ಸುಳ್ಳು ಹೇಳಲ್ಲ' ಅನ್ನೋರಿಗೆ ಈ ಎರಡು ಹೂವು ತೋರಿಸಿದರೆ ಸಾಕು. ಎರಡೂ ಸುಳ್ಳಲ್ಲ. ಹಾಗಂತ ಎರಡೂ ಒಂದೇ ಅಲ್ಲ.

ಹೂವಿನ ವಿಷಯ ಬಿಡಿ, ಯಾರಿಗೂ ನೋವಾಗಲ್ಲ. ಮುಖದ ವಿಷಯಕ್ಕೆ ಬಂದಾಗ ಇದೇ ಲೆಕ್ಕ ಸ್ವಲ್ಪ ಚುಚ್ಚುತ್ತೆ.

ಗಾಂಧಿ ಬಜಾರಿನಿಂದ ನೆಹರೂ ರಸ್ತೆಗೆ ನಡೆದೇ ಹೋಗಬಹುದು. ಅಷ್ಟು ದೂರದಲ್ಲಿ ಊರು ಬೇರೆಯೇ ಆಗುತ್ತೆ. ಗೋಣಿಚೀಲ, ತಳ್ಳುಗಾಡಿ, ಹಮಾಲರ 'ಸೈಡು, ಸೈಡು' ಹಿಂದೆ ಬೀಳುತ್ತೆ. ಮುಂದೆ ಗಾಜು, ಎಲ್‌ಇಡಿ, ಎ.ಸಿ.ಯ ತಣ್ಣನೆ ಗಾಳಿ. ಸಂಜೆ ಏಳು ಗಂಟೆಗೆ ಅಂಥ ಒಂದು ಗಾಜಿನ ಮುಂದೆ ಒಬ್ಬಾಕೆ ಪುಟ್ಟಿಯಲ್ಲಿ ಕಡಲೆಕಾಯಿ ಇಟ್ಟುಕೊಂಡು ಕೂತಿದ್ದಾರೆ ಅಂತಿಟ್ಟುಕೊಳ್ಳಿ. ಕ್ಯಾಮೆರಾ ಎತ್ತಿದರೆ ಏನಾಗುತ್ತೆ?

ಕ್ಯಾಮೆರಾದ ಬೆಳಕಿನ ಮೀಟರು ಒಂದು ಊಹೆಯ ಮೇಲೆ ನಡೆಯುತ್ತೆ: ಎದುರಿಗೆ ಇರೋದನ್ನೆಲ್ಲ ಕಲಸಿದರೆ ನಡುಮಟ್ಟದ ಬೂದು ಬರಬೇಕು. ಬಿದ್ದ ಬೆಳಕಿನಲ್ಲಿ 18 ಶೇಕಡಾ ವಾಪಸ್ ಕಳಿಸುವ ಬೂದು ಅಂತ ಅದಕ್ಕೆ ಹೆಸರು. ಬಿಳೀ ಗೋಡೆ ತೋರಿಸಿದರೂ ಅದು ಬೂದು ಮಾಡಲು ನೋಡುತ್ತೆ, ಕಪ್ಪು ಕೊಡೆ ತೋರಿಸಿದರೂ ಅಷ್ಟೇ. ಹೊಳೆಯುವ ಗಾಜು ಫ್ರೇಮಿನ ಮುಕ್ಕಾಲು ತುಂಬಿದ್ದರೆ 'ಅಬ್ಬಾ, ಎಷ್ಟು ಬೆಳಕು' ಅಂದುಕೊಂಡು ಇಡೀ ಚಿತ್ರವನ್ನು ಕತ್ತಲೆ ಮಾಡುತ್ತೆ. ಗಾಜಿನೊಳಗಿನ ಸೀರೆಯ ಜರಿ ಎಳೆ ಎಳೆಯಾಗಿ ಬರುತ್ತೆ. ಮುಂದೆ ಕೂತ ಹೆಂಗಸು ಕಪ್ಪು ಆಕಾರ ಆಗ್ತಾರೆ. ಕಣ್ಣಿಲ್ಲ, ಮೂಗಿಲ್ಲ, ವಯಸ್ಸಿಲ್ಲ. ಮೈಬಣ್ಣ ಕಪ್ಪಿದ್ದಷ್ಟೂ ಮುಖ ಬೇಗ ಮುಳುಗುತ್ತೆ.

ಈಗಿನ ಮೊಬೈಲುಗಳು ಮುಖ ಕಂಡುಹಿಡಿದು, ನಾಲ್ಕಾರು ಫೋಟೋ ಸೇರಿಸಿ ಇದನ್ನು ಸಾಕಷ್ಟು ಸರಿ ಮಾಡ್ತವೆ. ಆದರೂ ತೀರ್ಮಾನ ನಮ್ಮದೇ. ಪರದೆಯಲ್ಲಿ ಆಕೆಯ ಮುಖದ ಮೇಲೆ ಬೆರಳೊತ್ತಿ, ಬೆಳಕನ್ನು ಒಂದು ಹಂತ ಏರಿಸಿದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿಗೆ ಎರಡು ಪಟ್ಟು ಬೆಳಕು ಸಿಗುತ್ತೆ. ಇನ್ನೊಂದು ಹಂತ ಏರಿಸಿದರೆ ನಾಲ್ಕು ಪಟ್ಟು. ಆಗ ಮುಖ ಬರುತ್ತೆ, ಹಿಂದಿನ ಅಂಗಡಿ ಸುಟ್ಟು ಬರೀ ಬಿಳಿ ಆಗುತ್ತೆ. ಅಮೆರಿಕದ ಫೋಟೋಗ್ರಾಫರ್‌ಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ಇದಕ್ಕೊಂದು ಕ್ರಮ ಮಾಡಿದರು. ಕಡುಕಪ್ಪಿನಿಂದ ಅಚ್ಚಬಿಳಿಯ ತನಕ 0ಯಿಂದ 10ರವರೆಗೆ ಹನ್ನೊಂದು ಮೆಟ್ಟಿಲು. ಯಾವ ವಸ್ತು ಯಾವ ಮೆಟ್ಟಿಲ ಮೇಲೆ ಕೂರಬೇಕು ಅಂತ ಫೋಟೋ ತೆಗೆಯೋ ಮುಂಚೆಯೇ ಯೋಚಿಸು ಅನ್ನೋದು ಅವರ ಪಾಠ. ಆಡಮ್ಸ್ ಮುಖ್ಯವಾಗಿ ಬೆಟ್ಟ, ಬಂಡೆ, ಕಾಡು ತೆಗೆದವರು. ಬೀದಿಯಲ್ಲಿ ಇದೇ ಪಾಠಕ್ಕೆ ಬೇರೆ ಅರ್ಥ ಬರುತ್ತೆ, ಅಲ್ವಾ? ಅಂಗಡಿಗೆ ವಿವರ ಕೊಡ್ತೀರೋ, ಕಡಲೆಕಾಯಿ ಮಾರುವವರಿಗೆ ಕೊಡ್ತೀರೋ?

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಬಡವರನ್ನು ಕಪ್ಪು ನೆರಳು ಮಾಡಿ ಹಿಂದಿನ ಅಂಗಡಿಯನ್ನು ಝಗಮಗ ತೋರಿಸುವ ಫೋಟೋಗಳಿಗೆ ಲೈಕು ಸುಲಭವಾಗಿ ಬರುತ್ತೆ. ನನಗೆ ಅವು ಸೋಮಾರಿ ಫೋಟೋ ಅನ್ನಿಸುತ್ತೆ. ನಾನೂ ಬೇಕಾದಷ್ಟು ತೆಗೆದಿದ್ದೀನಿ.

ಬೀದಿ ಫೋಟೋದ ಚರಿತ್ರೆಯ ಮೊದಲ ಪುಟದಲ್ಲೇ ಇಂಥದ್ದೊಂದು ಜೋಡಿ ಇದೆ. 1838ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಡಾಗೆರ್ ತನ್ನ ಕಿಟಕಿಯಿಂದ ಕೆಳಗಿನ ದೊಡ್ಡ ಬೀದಿಯ ಚಿತ್ರ ತೆಗೆದ. ಬೀದಿಯಲ್ಲಿ ಜನ, ಗಾಡಿ ಎಲ್ಲ ಓಡಾಡುತ್ತಿತ್ತು. ಆದರೆ ಆಗ ಫಿಲಂ ಬದಲು ಬಳಸುತ್ತಿದ್ದ ಲೋಹದ ತಟ್ಟೆಯ ಮೇಲೆ ಬೆಳಕು ಕೂರಲು ಹಲವು ನಿಮಿಷ ಬೇಕಿತ್ತು, ಚಲಿಸಿದ್ದೆಲ್ಲ ಮಾಯ. ಖಾಲಿ ಬೀದಿಯ ಮೂಲೆಯಲ್ಲಿ ಒಬ್ಬ ಮನುಷ್ಯ ಮಾತ್ರ ಉಳಿದ. ಅವನು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದು ಕಾಲೆತ್ತಿ ನಿಂತಿದ್ದ. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯ ಅಂತ ಅವನನ್ನೇ ಹೇಳೋದು. ಬೂಟು ಉಜ್ಜುತ್ತಿದ್ದವನೂ ಅಲ್ಲೇ ಇದ್ದಾನೆ. ಆದರೆ ಕೈ ಆಡುತ್ತಾ ಇದ್ದುದರಿಂದ ಅವನದು ಕಲಸಿದ ಮಸುಕು. ಮಾಡಿಸಿಕೊಳ್ಳೋನು ನಿಂತ, ಅದಕ್ಕೆ ಉಳಿದ. ಮಾಡೋನು ಕೆಲಸ ಮಾಡ್ತಿದ್ದ, ಅದಕ್ಕೆ ಮಸುಕಾದ. ಡಾಗೆರ್ ಇದನ್ನು ಬೇಕಂತ ಮಾಡಲಿಲ್ಲ. ಬೇಕಂತ ಮಾಡಿದ್ದರೂ ಇಷ್ಟು ಚೆನ್ನಾಗಿ ಬರ್ತಿರಲಿಲ್ಲವೇನೋ.

ಆಮೇಲಿನದ್ದು ಬೇಗ ಹೇಳ್ತೀನಿ. 1880ರ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ ಜೇಕಬ್ ರೀಸ್ ಅನ್ನೋ ಪತ್ರಕರ್ತ ಕತ್ತಲೆ ಕೋಣೆಗಳಿಗೆ ರಾತ್ರಿ ನುಗ್ಗಿ, ಮೆಗ್ನೀಷಿಯಂ ಪುಡಿ ಉರಿಸಿ, ವಲಸೆ ಬಂದ ಬಡವರ ಫೋಟೋ ತೆಗೆದ. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂತು. ಸಿನಿಮಾ ಫಿಲಂ ಹಾಕಿಕೊಂಡು ಕೋಟಿನ ಜೇಬಿನಲ್ಲಿ ಹೋಗುವಷ್ಟು ಚಿಕ್ಕದು. ಅಲ್ಲಿಗೆ ಫೋಟೋಗ್ರಾಫರ್ ಜನರ ನಡುವೆ ಕಾಣದ ಹಾಗೆ ನಡೆಯೋದು ಸಾಧ್ಯವಾಯ್ತು. ಫ್ರಾನ್ಸಿನ ಆನ್ರಿ ಕಾರ್ಟಿಯೇ ಬ್ರೆಸಾನ್ ಹೆಚ್ಚಾಗಿ ಒಂದೇ 50 ಎಂ.ಎಂ. ಲೆನ್ಸಿನಲ್ಲಿ ದೇಶ ದೇಶ ಸುತ್ತಿದ. 1948ರ ಜನವರಿ 30ರಂದು ಗಾಂಧೀಜಿ ಸಾಯುವ ಸ್ವಲ್ಪ ಹೊತ್ತಿನ ಮುಂಚೆ ಅವರನ್ನು ಭೇಟಿಯಾಗಿ ಫೋಟೋ ತೆಗೆದವನೂ ಇವನೇ. ನಮ್ಮಲ್ಲಿ ಮೈಸೂರಿನ ಟಿ.ಎಸ್. ಸತ್ಯನ್ ಇದ್ದರು, 1923ರಿಂದ 2009. ಮಕ್ಕಳು, ಶಾಲೆ, ದುಡಿಯುವ ಕೈ, ಮನೆ ಬಾಗಿಲ ಮುಂದಿನ ಹರಟೆ ಅವರ ಕಪ್ಪು-ಬಿಳುಪಿನಲ್ಲಿ ಬಂದವು. ಅವರ ಫೋಟೋದಲ್ಲಿ ಬಡವರು ಪಾಪದವರಾಗಿ ಕಾಣಲ್ಲ. ಪಕ್ಕದ ಮನೆಯವರ ಹಾಗೆ ಕಾಣ್ತಾರೆ. ಇದು ಎಷ್ಟು ಕಷ್ಟ ಅಂತ ತೆಗೆಯಲು ಹೋದಾಗಲೇ ಗೊತ್ತಾಗೋದು.

ಮಲೆನಾಡಿನಲ್ಲಿ ಕ್ಯಾಮೆರಾ ಅಂದ್ರೆ ಜೋಗ, ಆಗುಂಬೆಯ ಸೂರ್ಯಾಸ್ತ, ಇಲ್ಲಾ ಹಕ್ಕಿ. ನಾನು ಪೇಟೆ ಬೀದಿಯಲ್ಲಿ ಕ್ಯಾಮೆರಾ ಹಿಡಿದು ನಿಂತರೆ 'ಪೇಪರ್‌ನವರಾ?' ಅಂತಲೇ ಕೇಳೋದು. ಆದರೆ ಈ ಊರಿನ ಬೆಳಕು ಬೀದಿ ಫೋಟೋಗೆ ಒಂದು ವಿಚಿತ್ರ ಪಾಠ ಕಲಿಸುತ್ತೆ.

ನೆಟ್‌ನಲ್ಲಿ ನೋಡುವ ಕಪ್ಪು-ಬಿಳುಪು ಫೋಟೋಗಳಲ್ಲಿ ಬಹಳಷ್ಟು ಚುರುಕು ಬಿಸಿಲಿನವು. ಎತ್ತರದ ಕಟ್ಟಡದ ನೆರಳು, ಅದನ್ನು ಸೀಳಿದ ಬೆಳಕಿನ ಪಟ್ಟಿ, ಅದರೊಳಗೆ ನಡೆದು ಬರುವ ಒಬ್ಬ ಮನುಷ್ಯ. ಅದನ್ನೇ ಇಲ್ಲಿ ಜುಲೈನಲ್ಲಿ ತೆಗೀತೀನಿ ಅಂತ ಹೊರಟರೆ ಕೊಡೆ ಹಿಡಿದು ವಾಪಸ್ ಬರಬೇಕಾಗುತ್ತೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆ ಶಿವಮೊಗ್ಗಕ್ಕೆ ಬರಲ್ಲ ನಿಜ. ಊರು ಇರೋದು ಮಲೆನಾಡಿನ ಬಾಗಿಲಲ್ಲಿ, ಒಳಗಲ್ಲ. ಆದರೆ ಮೋಡ ಬರುತ್ತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಷ್ಟೋ ದಿನ ಸೂರ್ಯ ಎಲ್ಲಿದ್ದಾನೆ ಅಂತಲೇ ಗೊತ್ತಾಗಲ್ಲ.

ಮೋಡ ಅಂದ್ರೆ ಆಕಾಶದಷ್ಟು ದೊಡ್ಡ ದೀಪ. ಬೆಳಕು ಒಂದು ಕಡೆಯಿಂದ ಬೀಳಲ್ಲ, ಎಲ್ಲ ಕಡೆಯಿಂದ ಸುರಿಯುತ್ತೆ. ನೆರಳು ಕರಗುತ್ತೆ. ಬಿಸಿಲಿನಲ್ಲಿ ಗೋಡೆಗೂ ನೆರಳಿಗೂ ಮೂರು ನಾಲ್ಕು ಹಂತದ ಅಂತರ ಇರುತ್ತಲ್ಲ, ಇಲ್ಲಿ ಅದು ಒಂದಕ್ಕೋ ಒಂದೂವರೆಗೋ ಇಳಿಯುತ್ತೆ. ಕಾಂಟ್ರಾಸ್ಟ್ ಬಿದ್ದುಹೋಯ್ತು ಅಂತ ಹೊಸಬರು ಬೇಜಾರಾಗ್ತಾರೆ. ಆದರೆ ಇದೇ ಬೆಳಕಿನಲ್ಲಿ ಗೂಡಂಗಡಿಯ ತಗಡಿನ ಕೆಳಗೆ ನಿಂತವನ ಮುಖವೂ ಬರುತ್ತೆ, ಎದುರಿನ ಕಾರಿನೊಳಗೆ ಕೂತವನ ಮುಖವೂ ಬರುತ್ತೆ. ಇಬ್ಬರಿಗೂ ಒಂದೇ ಬೂದು.

ಬಿ.ಎಚ್. ರಸ್ತೆಯ ಬಸ್‌ಸ್ಟ್ಯಾಂಡಿನ ಹತ್ತಿರ ಮಳೆಯಲ್ಲಿ ಅರ್ಧ ಗಂಟೆ ನಿಂತು ನೋಡಿ. ತೀರ್ಥಹಳ್ಳಿ, ಸಾಗರ, ಹೊಸನಗರ ಅಂತ ಕಂಡಕ್ಟರ್ ಕೂಗುತ್ತಾ ಇರ್ತಾರೆ. ಕೊಡೆ ಹಿಡಿದವರು, ಪ್ಲಾಸ್ಟಿಕ್ ಕೊಪ್ಪೆ ಹಾಕಿದವರು, ಬ್ಯಾಗನ್ನೇ ತಲೆ ಮೇಲಿಟ್ಟ ಕಾಲೇಜು ಹುಡುಗರು. ಒದ್ದೆ ಡಾಂಬರಿನಲ್ಲಿ ಎಲ್ಲರೂ ತಲೆಕೆಳಗಾಗಿ ಇನ್ನೊಂದು ಸಲ ಕಾಣ್ತಾರೆ. ಕಪ್ಪು ಕೊಡೆಯ ಕೆಳಗೆ ಮೇಷ್ಟ್ರು ಯಾರು, ಮೇಸ್ತ್ರಿ ಯಾರು ಗೊತ್ತಾಗಲ್ಲ. ಗೊತ್ತಾಗೋದು ಕೆಳಗೆ, ಕಾಲಿನಲ್ಲಿ. ಶೂ, ರಬ್ಬರ್ ಚಪ್ಪಲಿ, ಗಮ್ ಬೂಟು, ಮಡಚಿದ ಪ್ಯಾಂಟು, ಎತ್ತಿ ಹಿಡಿದ ಸೀರೆ. ಅದಕ್ಕೇ ಮಳೆಗಾಲದಲ್ಲಿ ನಾನು ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕೆ ಇಳಿಸ್ತೀನಿ.

ಕೈಯಲ್ಲಿ ಕ್ಯಾಮೆರಾ ಇದ್ದವರಿಗೆ ಒಂದು ಉಪಯೋಗದ ಲೆಕ್ಕ. ಫೋಕಸ್ ಆಗಲಿ ಅಂತ ಕಾಯುತ್ತಾ ಕೂತರೆ ಬೀದಿ ಕಾಯಲ್ಲ. ಫುಲ್‌ಫ್ರೇಮ್ ಕ್ಯಾಮೆರಾಗೆ (ಸೆನ್ಸರ್ ಹಳೆಯ ಫಿಲಂ ಫ್ರೇಮಿನಷ್ಟೇ ದೊಡ್ಡದಿರುವಂಥದ್ದು) 35 ಎಂ.ಎಂ. ಲೆನ್ಸ್ ಹಾಕಿ, ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟು, ಫೋಕಸ್ಸನ್ನು ಮೂರು ಮೀಟರಿಗೆ ಕಟ್ಟಿಬಿಡಿ. ಸುಮಾರು ಎರಡು ಮೀಟರಿನಿಂದ ಏಳು ಮೀಟರಿನ ತನಕ ಇರೋದೆಲ್ಲ ಚೊಕ್ಕವಾಗಿ ಬರುತ್ತೆ. ನಡೆಯುವವರಿಗೆ ಶಟರ್ ಸೆಕೆಂಡಿನ 1/250 ಭಾಗ. ಮೋಡ ದಟ್ಟವಾಗಿದ್ದರೆ ಐ.ಎಸ್.ಒ. (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋ ಅಂಕಿ) 1600ಕ್ಕೆ ಏರಿಸಿ, ಕಾಳು ಕಾಳಾಗಿ ಬಂದರೂ ಕಪ್ಪು-ಬಿಳುಪಿನಲ್ಲಿ ಅದು ಚೆಂದವೇ. ಒಂದು ಮಾತು ಮರೀಬೇಡಿ. ಪರದೆ ಮೋನೋ ತೋರಿಸಲಿ, ಆದರೆ ಫೈಲು ರಾ, ಅಂದ್ರೆ ಸೆನ್ಸರಿನ ಹಸಿ ಮಾಹಿತಿ, ಇರಲಿ. ರಾ ಫೈಲಿನಲ್ಲಿ ಬಣ್ಣ ಹಾಗೇ ಕೂತಿರುತ್ತೆ. ಜೆಪೆಗ್ ಮಾತ್ರ ಇಟ್ಟುಕೊಂಡರೆ ಹೋದ ಬಣ್ಣ ಹೋಯ್ತು.

ಈಗ ನನ್ನ ಎಡವಟ್ಟಿಗೆ ಬರ್ತೀನಿ.

ಒಂದು ಜುಲೈ ಮಧ್ಯಾಹ್ನ. ಮಳೆ ಬಿಟ್ಟು ಹತ್ತು ನಿಮಿಷ ಆಗಿತ್ತು. ನೆಹರೂ ರಸ್ತೆಯ ಒಂದು ದೊಡ್ಡ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಅಜ್ಜ ಕೂತಿದ್ದರು. ಮಾಸಿದ ಪಂಚೆ ಮೊಣಕಾಲಿನ ತನಕ. ಬರಿಗಾಲು. ಪಕ್ಕದಲ್ಲಿ ಬಾಯಿ ಕಟ್ಟಿದ ಗೊಬ್ಬರದ ಚೀಲ. ಹಿಂದಿನ ಗಾಜಿನಲ್ಲಿ ರೇಷ್ಮೆ ಸೀರೆ ಉಟ್ಟ ನಾಲ್ಕು ಗೊಂಬೆ, ನಾಲ್ಕೂ ಅವರ ತಲೆಯ ಮೇಲಿಂದ ಬೀದಿ ನೋಡುತ್ತಾ ಇದ್ದವು. ನನ್ನ ಎದೆ ಹೊಡೆದುಕೊಂಡಿತು. ಒಂದು ತೆಗೆದೆ. ಕೆಳಗಿನ ಮೆಟ್ಟಿಲಲ್ಲಿ ಏನೋ ಕರಿಯದು ಅಡ್ಡ ಬಂದಿತ್ತು, ಅದನ್ನು ಬಿಟ್ಟು, ಒಂದು ಹೆಜ್ಜೆ ಮುಂದೆ ಹೋಗಿ ಇನ್ನೊಂದು ತೆಗೆದೆ. ತಲೆಯೊಳಗೆ ಆಗಲೇ ಹೆಸರೂ ಇಟ್ಟಾಗಿತ್ತು: 'ಎರಡು ಶಿವಮೊಗ್ಗ'.

'ಏನ್ ತೆಗೆದ್ರಿ? ತೋರ್ಸಿ ನೋಡಣ' ಅಂದರು ಅಜ್ಜ.

ತೋರಿಸಿದೆ. ಕನ್ನಡಕ ಇಲ್ಲದೆ ಕಣ್ಣು ಕಿರಿದು ಮಾಡಿ ನೋಡಿದರು. 'ನನ್ನ ಚಪ್ಪಲಿ ಯಾಕೆ ಬಂದಿಲ್ಲ?'

ಆ ಕರಿಯದು ಅವರ ಚಪ್ಪಲಿ. ತೋಟದ ಕೆಸರು ಹತ್ತಿದೆ, ಅಂಗಡಿಯವರ ನೆಲ ಹೊಳೀತಾ ಇದೆ, ಮೆಟ್ಟೋದು ಹೇಗೆ ಅಂತ ಕೆಳಗೇ ಬಿಟ್ಟಿದ್ದರು. ಒಳಗೆ ಹೆಂಡತಿ, ಮಗಳು, ಸೊಸೆ ಮದುವೆ ಜವಳಿ ತೆಗೀತಾ ಇದ್ದರು. ಎರಡು ಗಂಟೆ ಆಯ್ತಂತೆ. ಬಿಲ್ ಕೊಡೋ ಹೊತ್ತಿಗೆ ಕರೀತಾರೆ ಅಂತ ಇವರು ಹೊರಗೆ ಗಾಳಿಗೆ ಕೂತಿದ್ದರು. ಗೊಬ್ಬರದ ಚೀಲದಲ್ಲಿ ಇದ್ದದ್ದು ನೆಂಟರ ಮನೆಗೆ ಅಂತ ತಂದ ಹಲಸಿನ ಹಣ್ಣು. ಆ ಗೊಂಬೆಗಳ ಮೇಲಿದ್ದ ಸೀರೆಯಲ್ಲಿ ಒಂದೆರಡು ಇವರ ಮನೆಗೇ ಹೋಗಿರಬಹುದು.

ಬರಿಗಾಲು ಬಡತನ ಅಂತ ನಾನು ಓದಿಕೊಂಡಿದ್ದೆ. ಅದು ಮರ್ಯಾದೆಯಾಗಿತ್ತು. ಇದರಲ್ಲಿ ಕಪ್ಪು-ಬಿಳುಪಿನ ತಪ್ಪು ಎಷ್ಟು? ಸ್ವಲ್ಪ ಇದೆ. ಬಣ್ಣ ಇಲ್ಲದಾಗ ಮಾಸಿದ ಬಟ್ಟೆಗೂ ಹರಿದ ಬಟ್ಟೆಗೂ ವ್ಯತ್ಯಾಸ ಕಡಿಮೆಯಾಗುತ್ತೆ, ಸುಕ್ಕು ಜಾಸ್ತಿ ಕಾಣುತ್ತೆ, ಎಲ್ಲದಕ್ಕೂ ಹಳೆಯ ಕಾಲದ ಗಂಭೀರ ಮುಖ ಬರುತ್ತೆ. ಬೆಳಕಿನ ಅಂತರವನ್ನು ನೋಡುವವರು ತಾವಾಗೇ ಜನರ ನಡುವಿನ ಅಂತರ ಅಂತ ಓದಿಕೊಳ್ತಾರೆ. ಇಲ್ಲಿ ಬೆಳ್ಳಗಿದ್ದದ್ದು ಗಾಜು, ಕಪ್ಪಗಿದ್ದದ್ದು ಅಜ್ಜ. ಅಷ್ಟಕ್ಕೇ ಶ್ರೀಮಂತ, ಬಡವ ಅಂತ ಲೆಕ್ಕ ಮುಗಿದುಹೋಯ್ತು. ಉಳಿದ ತಪ್ಪು ಆ ಒಂದು ಹೆಜ್ಜೆಯದ್ದು. ಅದನ್ನು ಇಟ್ಟವನು ನಾನು.

ಹಾಗಾದರೆ ಊರಿನಲ್ಲಿ ಅಂತರ ಇಲ್ಲವಾ? ಇದೆ, ಬೇಕಾದಷ್ಟಿದೆ. ಅದೇ ನೆಹರೂ ರಸ್ತೆಯಲ್ಲಿ ದಿನವಿಡೀ ನಿಂತು ಮಾರುವ, ಕೂರಲು ಒಂದು ಸ್ಟೂಲೂ ಸಿಗದ ಹುಡುಗಿಯರಿದ್ದಾರೆ. ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಲಿಪ್‌ಸ್ಟಿಕ್ ಹಚ್ಚಿ, ಗಾಜಿನ ಒಳಗಡೆಯೇ ನಿಂತಿರ್ತಾರೆ. ನಮ್ಮ ಕ್ಯಾಮೆರಾ ಅವರನ್ನು 'ಬೆಳಕಿನ ಕಡೆ'ಗೆ ಸೇರಿಸಿಬಿಡುತ್ತೆ. ಮಲೆನಾಡಿನಲ್ಲಿ ತೋಟ ಇರುವವರು ಮಾಸಲು ಪಂಚೆಯಲ್ಲಿ ಬರೋದು, ತಿಂಗಳ ಕಂತು ಕಟ್ಟುವವರು ಹೊಸ ಬೈಕಿನಲ್ಲಿ ಬರೋದು ಹೊಸದೇನಲ್ಲ. ಇಲ್ಲಿನ ಅಂತರ ಬಟ್ಟೆಯ ಮೇಲೆ ಬರೆದಿರಲ್ಲ. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ, ಯಾರು ಯಾರಿಗೆ ದಾರಿ ಬಿಡ್ತಾರೆ, ಟೀ ಯಾರ ಕೈಗೆ ಮೊದಲು ಹೋಗುತ್ತೆ, ಇಂಥದ್ದರಲ್ಲಿ ಸಿಗುತ್ತೆ. ಅದಕ್ಕೆ ಒಂದೇ ಜಾಗದಲ್ಲಿ ಬಹಳ ಹೊತ್ತು ನಿಲ್ಲಬೇಕು.

ಅಮೆರಿಕದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಕೂಲಿಕಾರರ ಬಿಡಾರದಲ್ಲಿ ತೆಗೆದ ತಾಯಿಯ ಫೋಟೋ ಪಠ್ಯಪುಸ್ತಕಗಳ ತನಕ ಹೋಗಿದೆ. ಆ ದಶಕದ ಆರ್ಥಿಕ ಕುಸಿತದ ಮುಖ ಅಂದ್ರೆ ಇವತ್ತಿಗೂ ಆ ಮುಖವೇ. ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾಗೋಕೆ ನಲವತ್ತು ವರ್ಷ ಹಿಡಿಯಿತು. ಫೋಟೋದಿಂದ ತನಗೆ ಏನೂ ಸಿಗಲಿಲ್ಲ ಅನ್ನೋ ಬೇಸರ ಆಕೆಗೆ ಇತ್ತು. ಅಜ್ಜ ನನ್ನನ್ನು ಕರೆಯದೇ ಹೋಗಿದ್ದರೆ ನಾನೂ ಹೆಸರು ಕೇಳ್ತಿರಲಿಲ್ಲ.

ಬಣ್ಣದ ಪರ ವಾದ ಮಾಡಿದವರೂ ಇದ್ದಾರೆ. ರಘುಬೀರ್ ಸಿಂಗ್, 1942ರಿಂದ 1999, ಭಾರತದ ಬೀದಿಗಳನ್ನು ಬಣ್ಣದಲ್ಲೇ ತೆಗೆದರು. ಕಪ್ಪು-ಬಿಳುಪಿನ ಆ ವಿಷಾದ ಪಶ್ಚಿಮದವರದ್ದು, ಇಲ್ಲಿನ ಬದುಕಿನಲ್ಲಿ ಬಣ್ಣ ಬಟ್ಟೆಯ ಹಾಗೆ ಹೊದ್ದುಕೊಂಡದ್ದಲ್ಲ, ಒಳಗಿನಿಂದಲೇ ಬಂದದ್ದು ಅನ್ನೋ ಅರ್ಥದ ವಾದ ಅವರದು. ನನ್ನ ಅಡಿಕೆ ಗೆಳೆಯ ಇದನ್ನು ಕೇಳಿದರೆ 'ಅದನ್ನೇ ನಾನು ಹೇಳಿದ್ದು' ಅನ್ನುತ್ತಿದ್ದ. ನಾನು ಪೂರ್ತಿ ಒಪ್ಪಲ್ಲ. ಮಳೆಗಾಲದ ಬೂದು ಯಾವ ದೇಶದಿಂದಲೂ ಬಂದದ್ದಲ್ಲ, ಅದು ನಮ್ಮದೇ.

ಇನ್ನು ಕಾನೂನು. ಸಾರ್ವಜನಿಕ ಬೀದಿಯಲ್ಲಿ ಫೋಟೋ ತೆಗೆಯಬಾರದು ಅಂತ ಸಾರಾಸಗಟು ಹೇಳುವ ಕಾನೂನು ನಮ್ಮಲ್ಲಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. ಆ ಕೇಸು ಹಾಕಿದ್ದು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬೀದಿಯಲ್ಲಿ ನನ್ನ ಪಾಡಿನ ನಿಯಮ ಸುಲಭದ್ದು. ಮಲಗಿದವರನ್ನು, ಅಳುವವರನ್ನು, ಒಂಟಿ ಮಕ್ಕಳನ್ನು ತೆಗೆಯಲ್ಲ. ಬೇಡ ಅಂತ ಕೈ ಮಾಡಿದರೆ ಅವರೆದುರೇ ಅಳಿಸ್ತೀನಿ. ಕೇಳಿದವರಿಗೆ ಕಳಿಸ್ತೀನಿ.

ಅಜ್ಜ ಕೇಳಿದ್ದರು. ಒಳಗಿನಿಂದ ಬಂದ ಮಗಳ ನಂಬರು ಕೊಡಿಸಿದ್ದರು. ಮೊದಲು ತೆಗೆದ, ಚಪ್ಪಲಿ ಇರುವ ಫ್ರೇಮನ್ನೇ ಹುಡುಕಿ, ಮುಖದ ಬೆಳಕು ಸರಿ ಮಾಡಿ, ಕಪ್ಪು-ಬಿಳುಪಿನಲ್ಲಿ ವಾಟ್ಸಾಪ್ ಮಾಡಿದೆ. ಎರಡು ದಿನ ಬಿಟ್ಟು ಉತ್ತರ ಬಂತು: 'ಅಪ್ಪ ಕೇಳ್ತಿದ್ದಾರೆ, ಕಲರ್‌ದು ಇಲ್ವಾ ಅಂತ.'

ರಾ ಫೈಲು ತೆಗೆದೆ. ಚೀಲದ ಬಾಯಿ ಪೂರ್ತಿ ಕಟ್ಟಿರಲಿಲ್ಲ, ಹಲಸಿನ ಹಸಿರು ಹಳದಿ ಮುಳ್ಳು ಇಣುಕುತ್ತಿತ್ತು. ಅಂಗಡಿಯ ಮೆಟ್ಟಿಲು ಬಿಳೀ ಗ್ರಾನೈಟ್. ಅದರ ತುದಿಯಲ್ಲಿ ಜೋಡಿಸಿಟ್ಟ ಚಪ್ಪಲಿಯ ಮೇಲೆ ಕರಿ ಕೆಸರು ಇರಲೇ ಇಲ್ಲ. ಇದ್ದದ್ದು ಕೆಂಪು ಮಣ್ಣು.